ಅಜ್ಜಿಯ ಎಡಗಿವಿ

ನಮ್ಮೂರು ಬಾಬುರಾಯನಕೊಪ್ಪಲಿನಲ್ಲಿ ಆಗೆಲ್ಲ ಫೋಟೋ ತೆಗೆಸುವುದೆಂದರೆ ಮುಖಕ್ಕೆ ಪೌಡರ್ ಬಳಿದುಕೊಂಡು ಶ್ರೀರಂಗಪಟ್ಟಣದ ಸ್ಟುಡಿಯೋಗೆ ಹೋಗುವುದು. ಅಲ್ಲಿ ಉಸಿರು ಬಿಗಿಹಿಡಿದು ಕೂತರೆ ಸಾಕು, ಕಲೆ, ಗಾಯ, ಬೋಳುತಲೆ ಎಲ್ಲವನ್ನೂ ಅವರೇ ಬ್ರಷ್ಷಿನಲ್ಲಿ ತಿದ್ದಿ ಕೊಡುತ್ತಿದ್ದರು. ನಮ್ಮ ಮನೆಯವರಿಗೆ ಆ ಸುಳ್ಳೇ ಇಷ್ಟ. ಹತ್ತು ವರ್ಷದ ನನಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು.

ಆ ವರ್ಷ ಶಾಲೆಯ ಚಿತ್ರಸ್ಪರ್ಧೆಯಲ್ಲಿ ನನಗೊಂದು ಬಣ್ಣದ ಡಬ್ಬಿ ಬಹುಮಾನ ಬಂದಿತ್ತು. ದಸರಾ ರಜೆ ಶುರುವಾದದ್ದೇ, ಗೊಬ್ಬರದಂಗಡಿಯ ಹಳೇ ಕ್ಯಾಲೆಂಡರಿನ ಹಾಳೆಗಳನ್ನು ಮಗುಚಿ ಹಾಕಿಕೊಂಡು ಮನೆಯವರನ್ನೆಲ್ಲ ಬರೆಯತೊಡಗಿದೆ, ಇದ್ದದ್ದನ್ನು ಇದ್ದ ಹಾಗೆ. ಅವ್ವನ ಕಣ್ಣಿನ ಕೆಳಗಿನ ಕಪ್ಪು ಬರೆದೆ. "ಹೆಣ ಬರ್ದಂಗೆ ಬರ್ದಿದ್ದೀಯಲ್ಲೇ" ಎಂದು ಅವ್ವ ಸೌಟಿನಲ್ಲಿ ಬಾರಿಸಿದಳು. ಆಮೇಲೆ ದೊಡ್ಡಪ್ಪನ ಮೆಳ್ಳೆಗಣ್ಣು. ಅವನು ಮನೆಯ ಯಜಮಾನ. ಅವನು ಕೆಮ್ಮಿದರೆ ಅಪ್ಪ ಎದ್ದು ನಿಲ್ಲುತ್ತಿದ್ದ.

"ಏನಮ್ಮೀ ಇದು? ನನ್ ಕಣ್ಣು ಇಂಗೈತಾ?"

"ಅಂಗೇ ಐತೆ ದೊಡ್ಡಪ್ಪ."

ಕಪಾಳಕ್ಕೆ ಬಿದ್ದ ಏಟಿಗೆ ಬಣ್ಣದ ನೀರಿನ ಲೋಟವೂ ಉರುಳಿತು. ಅಳಲಿಲ್ಲ ನಾನು. ಇನ್ನೊಂದು ಹಾಳೆ ತೆಗೆದುಕೊಂಡು ಅದೇ ಕಣ್ಣನ್ನು ಮತ್ತೆ ಬರೆದೆ.

ಇಷ್ಟಾದ ಮೇಲೂ ಬರೆಸಿಕೊಳ್ಳಲು ಬಂದವಳು ಅಜ್ಜಿ ಒಬ್ಬಳೇ. ಪ್ರೀತಿಯಿಂದೇನಲ್ಲ. ಅಜ್ಜಿಗೆ ಮನೆಯವರನ್ನು ಬೈಯುವುದರಲ್ಲೇ ಹೊತ್ತು ಹೋಗುತ್ತಿತ್ತು, ಪ್ರೀತಿಗೆ ಪುರಸೊತ್ತಿರಲಿಲ್ಲ. ಹೊಗೆಸೊಪ್ಪಿನ ಘಾಟು ಬೀರುತ್ತಾ ಜಗಲಿಯ ಕಂಬಕ್ಕೆ ಒರಗಿ ಕೂತಳು. ಅವಳ ಎಡಗಿವಿಯ ಹಾಲೆ ಸೀಳಿ ಎರಡು ತುಂಡಾಗಿ ಜೋತಾಡುತ್ತಿತ್ತು. ಹಸುವಿನ ಕೊಂಬು ಓಲೆಗೆ ಸಿಕ್ಕಿ ಹರಿಯಿತೆಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು, ನಾನೂ ನಂಬಿದ್ದೆ. ಸದಾ ಸೆರಗೆಳೆದು ಮುಚ್ಚಿಕೊಳ್ಳುತ್ತಿದ್ದ ಆ ಕಿವಿಯನ್ನು ಅವತ್ತು ಸೆರಗು ಸರಿಸಿ ನನ್ನ ಕಡೆ ತಿರುಗಿಸಿದಳು.

"ಈ ಕಡೆಯಿಂದ ಬರಿ ಮಗ. ಕಿವಿ ಬುಟ್ಟೀಯ, ಕೈ ಮುರಿದ್ಬುಡ್ತೀನಿ."

ಬಿಡಲಿಲ್ಲ. ಒಂದಿಡೀ ಬೆಳಗ್ಗೆ ಆ ಕಿವಿಗೇ ಹಿಡಿಯಿತು.

ಅದೇ ವಾರ ಪಿತೃಪಕ್ಷದ ಎಡೆ. ಕಿಕ್ಕೇರಿಗೆ ಮದುವೆ ಮಾಡಿಕೊಟ್ಟಿದ್ದ ಅತ್ತೆ, ಅಜ್ಜಿಯ ಒಬ್ಬಳೇ ಮಗಳು, ವರ್ಷಕ್ಕೆ ಆ ಒಂದು ದಿನ ಮಾತ್ರ ಬರುತ್ತಿದ್ದಳು. ಬಂದರೂ ಅಜ್ಜಿಯ ಮುಖ ನೋಡಿ ಮಾತಾಡುತ್ತಿರಲಿಲ್ಲ. ತನಗೆ ಕೊಡುತ್ತೇನೆಂದಿದ್ದ ಓಲೆಯನ್ನು ಅಜ್ಜಿ ಹಿರೀಸೊಸೆಗೆ, ದೊಡ್ಡಪ್ಪನ ಹೆಂಡತಿಗೆ, ಕೊಟ್ಟಳೆಂದು ಅವಳಿಗೆ ಕೋಪ. ಮನೆಯೆಲ್ಲ ಕಜ್ಜಾಯದ, ಬಾಡಿನ ಸಾರಿನ ವಾಸನೆ. ತಾತನ ಫೋಟೋ ಮುಂದೆ ಎಲೆ ಹಾಕಿ ಬಡಿಸುತ್ತಿದ್ದಾಗ ಅಜ್ಜಿ ನನ್ನ ಬೆನ್ನಿಗೆ ತಿವಿದಳು. "ಓಗು, ನಿಮ್ಮತ್ತೆಗೆ ತೋರ್ಸು."

ಅತ್ತೆ ಚಿತ್ರವನ್ನು ದಿಟ್ಟಿಸಿದಳು. "ಈ ಕಿವೀನ ಯಾಕವ್ವ ಬರೆಸ್ಕಂಡೆ?"

ದೊಡ್ಡಪ್ಪ ಇಣುಕಿ ನೋಡಿದ. "ಹಸ ಗುದ್ದಿದ್ನೆಲ್ಲ ಬರ್ಕಂಡು ಕುಂತವಳೆ, ಮುಂಡೇದು!"

"ಯಾವ್ದ್ಲಾ ಆ ಹಸ?" ಅಜ್ಜಿ ಎದ್ದು ನಿಂತಳು. "ನಿಮ್ಮಪ್ಪನ ಮಣ್ಣು ಮಾಡಿ ಮೂರು ದಿನ ಆಗಿರ್ನಿಲ್ಲ. ಓಲೆ ಮಗಳಿಗೆ ಕೊಡ್ತೀನಿ ಅಂದೆ. ಕಿವಿಗೆ ಕೈ ಹಾಕಿ ಕಿತ್ಕಂಡೋನು ನೀನಲ್ವೇನ್ಲಾ? ನಿಮ್ಮಪ್ಪನ ಎಡೆ ಮುಂದೆ ನಿಂತಿದ್ದೀಯ, ಅಲ್ಲ ಅನ್ನು ನೋಡನ."

ದೊಡ್ಡಪ್ಪ ಚಿತ್ರವನ್ನು ನನ್ನ ಕೈಯಿಂದ ಕಿತ್ತು ಬಚ್ಚಲ ಒಲೆಗೆ ತುರುಕಿದ. ಅತ್ತೆ ಊಟ ಮುಟ್ಟದೆ ಎದ್ದು, "ನಡಿಯವ್ವ, ನಮ್ಮೂರಿಗೆ ಓಗನ" ಎಂದು ಅಜ್ಜಿಯ ಕೈ ಹಿಡಿದಳು.

"ನನ್ ಮನೆ ಬುಟ್ಟು ನಾನ್ಯಾಕೆ ಬರ್ಲಿ? ಓಗೋದಾದ್ರೆ ಅವ್ನು ಓಗ್ಲಿ."

ಯಾರೂ ಹೋಗಲಿಲ್ಲ. ಒಂದೇ ಸೂರಿನಡಿ ತಾಯಿ ಮಗ ಕೊನೆಯವರೆಗೂ ಮಾತು ಬಿಟ್ಟರು. ಅತ್ತೆ ಮಾತ್ರ ಅಲ್ಲಿಂದಾಚೆಗೆ ತಿಂಗಳಿಗೊಮ್ಮೆ ಬಂದು ಅಜ್ಜಿಯ ತಲೆ ಬಾಚಿ ಹೋಗುತ್ತಿದ್ದಳು. ಅಜ್ಜಿಗೆ ಬೇಕಿದ್ದದ್ದು ಅಷ್ಟೇ ಎಂದು ನನಗೆ ಗೊತ್ತಾಗಲು ವರ್ಷಗಳೇ ಬೇಕಾದವು.

ಅಜ್ಜಿ ಸತ್ತಾಗ ದೊಡ್ಡಪ್ಪ ಅವಳ ಓಟಿನ ಕಾರ್ಡಿನ ಫೋಟೋವನ್ನು ಸ್ಟುಡಿಯೋಗೆ ಕೊಟ್ಟು ದೊಡ್ಡದು ಮಾಡಿಸಿ ತಂದ. ಹರಿದ ಕಿವಿ ಕೂಡಿಕೊಂಡಿತ್ತು. ಎರಡೂ ಕಿವಿಯಲ್ಲಿ ಓಲೆ! ಕಿತ್ತುಕೊಂಡವನೇ ಬ್ರಷ್ಷಿನಲ್ಲಿ ತೊಡಿಸಿದ್ದ. ಆ ಫೋಟೋಗೆ ನಾನು ಯಾವತ್ತೂ ಕೈ ಮುಗಿದಿಲ್ಲ.

ಎರಡು ವರ್ಷದ ಹಿಂದೆ ಎಡೆಗೆಂದು ಊರಿಗೆ ಹೋದಾಗ ಫೋಟೋ ಒರೆಸುವ ಕೆಲಸ ನನ್ನ ಪಾಲಿಗೆ ಬಂತು. ಹಿಂದಿನ ಮೊಳೆ ಬಿಚ್ಚಿ, ಬ್ಲೇಡಿನ ತುದಿಯಲ್ಲಿ ಎಡಗಿವಿಯ ಓಲೆಯನ್ನು ಕೆರೆದು ಹಾಲೆಯನ್ನು ಸೀಳಿದೆ. ಗಾಜು ಕೂರಿಸಿ, ಹಾರ ಹಾಕಿ, ಯಾರು ಮೊದಲು ಕೂಗಾಡುತ್ತಾರೋ ನೋಡೇಬಿಡೋಣ ಎಂದು ಜಗಳಕ್ಕೆ ಸಿದ್ಧಳಾಗಿ ನಿಂತೆ. ಯಾರೂ ಗಮನಿಸಲಿಲ್ಲ. ಮರುವರ್ಷವೂ ಇಲ್ಲ, ಈ ವರ್ಷವೂ ಇಲ್ಲ. ಅಷ್ಟರಲ್ಲಾಗಲೇ ಅತ್ತೆ ಹೋಗಿದ್ದಳು, ಅಪ್ಪ ಅವ್ವ ಹೋಗಿದ್ದರು. ಆ ಕಿವಿಯ ಗುರುತಿದ್ದವರಲ್ಲಿ ಕೊನೆಗೆ ಉಳಿದಿದ್ದವನು ದೊಡ್ಡಪ್ಪ ಒಬ್ಬನೇ. ನಾನು ಬ್ಲೇಡು ಹಿಡಿದ ದಿನ ಅವನಿದ್ದಿದ್ದರೆ ನನ್ನ ಕಪಾಳಕ್ಕಾದರೂ ಬಾರಿಸುತ್ತಿದ್ದ. ಅವನೂ ಈಗ ಅಜ್ಜಿಯ ಪಕ್ಕದಲ್ಲೇ ಗೋಡೆಯ ಮೇಲಿದ್ದಾನೆ, ಎರಡು ಕಣ್ಣನ್ನೂ ನೆಟ್ಟಗೆ ಮಾಡಿಸಿಕೊಂಡು.