ಯಾವ ದೇವರಿಗೆ ಮುಡಿ

ನನಗೆ ಮದುವೆಯಾಗಿರಲಿಲ್ಲ. ಹೊಟ್ಟೆ ಊದುತ್ತಿತ್ತು. ಊರವರು ಬಸುರಿ ಎಂದಾರೆಂದು ಅವ್ವ ನನ್ನನ್ನು ತಿಂಗಳುಗಟ್ಟಲೆ ಮನೆಯಲ್ಲೇ ಬಚ್ಚಿಟ್ಟಳು. ಆಸ್ಪತ್ರೆ ಸೇರುವಷ್ಟರಲ್ಲಿ ಅಂಡಾಶಯದ ಕ್ಯಾನ್ಸರ್ ಹೊಟ್ಟೆಯೆಲ್ಲ ಹರಡಿತ್ತು. ಗರ್ಭಕೋಶವನ್ನೂ ತೆಗೆದರು. ಔಷಧಿಗೆ ಕೂದಲು ಉದುರಿತು.

ರೋಗದ ಕುರುಹು ಈಗ ಕಾಣುತ್ತಿಲ್ಲವೆಂದು ವೈದ್ಯರು ಹೇಳಿದ ದಿನ ಮೈಸೂರಿನಿಂದ ಪಾಂಡವಪುರದ ಬಸ್ಸು ಹತ್ತಿದೆ. ಶ್ರೀರಂಗಪಟ್ಟಣದಲ್ಲಿ ಹತ್ತಿ ಪಕ್ಕದಲ್ಲಿ ಕುಳಿತ ಹೆಂಗಸು ನನ್ನ ಬೋಳುತಲೆ ನೋಡಿ ಕೇಳಿದಳು: “ಯಾವ ದ್ಯಾವ್ರಿಗವ್ವ ಮುಡಿ ಕೊಟ್ಟಿದ್ದು?”

“ದೇವರಿಗಲ್ಲ, ಗರ್ಭಕೋಶ ತೆಗೆದು ಕ್ಯಾನ್ಸರಿಗೆ ಔಷಧಿ ಕೊಟ್ಟರು. ಅದಕ್ಕೆ ಉದುರಿತು.”

ಆಕೆ ನನ್ನ ಕೈ ಹಿಡಿದು ದನಿ ತಗ್ಗಿಸಿದಳು. “ದ್ಯಾವ್ರಿಗೆ ಅಂತ್ಲೇ ಏಳು ಮಗ. ಇಲ್ದಿದ್ರೆ ಗಂಡು ಸಿಕ್ಕಾಕಿಲ್ಲ.”

ಆಕೆ ಕೆಟ್ಟವಳಲ್ಲ, ಅವ್ವನೂ ಕೆಟ್ಟವಳಲ್ಲ. ಆದರೆ ಮೊದಲೇ ವೈದ್ಯರಿಗೆ ತೋರಿಸಿದ್ದರೆ ಇಷ್ಟು ಕಳೆದುಕೊಳ್ಳುತ್ತಿರಲಿಲ್ಲವೇನೋ ಎಂಬ ಕೊರಗು ನನಗೆ ಉಳಿದಿದೆ. ಇದನ್ನು ದಯವಿಟ್ಟು ನಿಮ್ಮ ಮನೆಯ ಹೆಂಗಸರಿಗೆ ಓದಿ ಹೇಳಿ. ಹೆಣ್ಣು ನೋಡಲು ಹೊರಟವರಿಗೂ ಹೇಳಬಹುದು, ನನ್ನ ಅಭ್ಯಂತರವಿಲ್ಲ.