ಮನೆಯಲ್ಲೇ ತುಂಬಿದ ಗುಂಡು

ಕಾಕಾ ಒಂದರ ಮೇಲೊಂದು ಎರಡು ಕನ್ನಡಕ ಹಾಕುತ್ತಿದ್ದರು. ಒಳಗಿನದು ಓದಲು, ಹೊರಗಿನದು ಕಣ್ಣಿನ ರಕ್ಷಣೆಗೆ. ಎರಡರ ಭಾರಕ್ಕೆ ಕಿವಿಗಳು ಸ್ವಲ್ಪ ಮುಂದಕ್ಕೆ ಬಾಗಿರುತ್ತಿದ್ದವು. ಬಲಗೈಯ ಹೆಬ್ಬೆರಳು, ತೋರುಬೆರಳು ಹಿತ್ತಾಳೆ ಹಿಡಿದು ಹಿಡಿದು ಹಸಿರುಗಪ್ಪಾಗಿದ್ದವು. ಊಟಕ್ಕೆ ಕುಳಿತಾಗ ಕಾಕು ಮೊದಲು ನೋಡುತ್ತಿದ್ದುದು ಗಂಡನ ಮುಖವನ್ನಲ್ಲ, ಆ ಎರಡು ಬೆರಳುಗಳನ್ನು.

ಅವರಿಬ್ಬರೂ ನನಗೆ ಸಂಬಂಧಿಕರಲ್ಲ. ಆಮ್‌ಸ್ಟರ್‌ಡ್ಯಾಮಿನ ಪಕ್ಕದ ಬಾಡ್‌ಹೂವೆಡಾರ್ಪ್‌ನ ಅವರ ಮನೆಯ ಅಟ್ಟದ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಕಾಕಾ ಧಾರವಾಡದ ಕಡೆಯವರು, ಪಕ್ಕದ ವಿಮಾನ ನಿಲ್ದಾಣದಲ್ಲಿ ವಿಮಾನ ದುರಸ್ತಿಯ ಎಂಜಿನಿಯರ್. ನಾನು ಮೈಸೂರಿನವಳು, ರಾಟರ್‌ಡ್ಯಾಮ್‌ನಲ್ಲಿ ಸರಕು ಪೂರೈಕೆಯ ಲೆಕ್ಕಾಚಾರದ ಮೇಲೆ ಪಿಎಚ್‌ಡಿ ಮಾಡುತ್ತಿದ್ದೆ. ಮೊದಲ ದಿನ ಸರ್ ಎಂದಾಗ, "ಸರ್ ಗಿರ್ ಎಲ್ಲಾ ಡ್ಯೂಟಿ ಮ್ಯಾಗ. ಮನ್ಯಾಗ ಕಾಕಾ ಅನ್ನು," ಎಂದಿದ್ದರು.

ಅವರಿಗೆ ರೈಫಲ್ ಶೂಟಿಂಗಿನ ಹುಚ್ಚು. ಪರವಾನಗಿ, ಕ್ಲಬ್ಬಿನ ಸದಸ್ಯತ್ವ, ಗೋಡೆಗೆ ಬಿಗಿದ ಕಬ್ಬಿಣದ ಕಪಾಟು ಎಲ್ಲವೂ ಕ್ರಮವಾಗಿದ್ದವು. ಹೊಡೆಯುವುದಕ್ಕಿಂತ ದೊಡ್ಡ ಹುಚ್ಚು ಗುಂಡು ತುಂಬುವುದು. ಹೊಡೆದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ತೋಟಾವನ್ನು ಉಜ್ಜಿ, ಅಳತೆಗೆ ತಂದು, ಹೊಸ ಕೇಪು, ಹೊಸ ಮದ್ದು, ಹೊಸ ತುದಿ ಹಾಕಿದರೆ ಅದು ಮತ್ತೆ ಗುಂಡಾಗುತ್ತದೆ. ಕೆಳಗಿನ ಚಿಕ್ಕ ಕೋಣೆಯಲ್ಲಿ ಇದಕ್ಕೆಂದೇ ಒಂದು ಮೇಜು, ಅದಕ್ಕೆ ಬಿಗಿದ ಹಸಿರು ಬಣ್ಣದ ಒತ್ತುವ ಯಂತ್ರ, ತಕ್ಕಡಿ. ಮದ್ದು ತೂಗುವಾಗ ಕಾಕಾ ಎಡಗೈಯ ಒಂದು ಬೆರಳನ್ನು ಮೇಲೆತ್ತಿರುತ್ತಿದ್ದರು. ಅದು ಇಳಿಯುವ ತನಕ ಮನೆಯಲ್ಲಿ ಯಾರೂ ಮಾತಾಡುವಂತಿಲ್ಲ. ಮಾತಾಡಿದರೆ ತೂಗಿದ್ದನ್ನೆಲ್ಲ ಸುರಿದು ಮೊದಲಿನಿಂದ ಶುರು. ಹೀಗಾಗಿ ಒಂದೊಂದು ಗುಂಡಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಕಾಕು ಎಷ್ಟು ಸಲ ಊಟಕ್ಕೆ ಕರೆದರು ಎಂಬುದರ ಮೇಲೆ ನಿಂತಿತ್ತು.

ಲಾಕ್‌ಡೌನ್ ಬಂತು. ವಿಮಾನಗಳು ಸಾಲಾಗಿ ನಿಂತವು. ಕಾಕಾಗೆ ವಾರದಲ್ಲಿ ಒಂದೆರಡು ದಿನ ಮಾತ್ರ ಕೆಲಸ. ವಿಮಾ ಕಂಪನಿಯಲ್ಲಿದ್ದ ಕಾಕುಗೆ ಮನೆಯಿಂದಲೇ ಕೆಲಸ, ಅದೂ ಅಡುಗೆಮನೆಯ ಮೇಜಿನಿಂದ. ಮೀಟಿಂಗಿನ ನಡುವೆ ಕುಕ್ಕರ್ ಕೂಗಿದ ದಿನ ಅವರು ಚಿಕ್ಕ ಕೋಣೆ ತಮಗೆ ಬೇಕೆಂದರು.

"ಅದು ಉಳಿತಾಯದ ಖೋಲಿ," ಎಂದರು ಕಾಕಾ. "ಅಂಗಡಿ ಗುಂಡಿನ ಅರ್ಧ ರೇಟಿನ್ಯಾಗ ಮನ್ಯಾಗ ಆಗ್ತೈತಿ."

"ಅರ್ಧ ರೇಟು ಅಂತ ಎರಡು ಪಟ್ಟು ಹೊಡೀತೀರಿ. ಸೀರಿ ಅರ್ಧ ರೇಟಿಗೆ ಸಿಕ್ಕಾವು ಅಂತ ನಾ ಎರಡು ಕಪಾಟು ತುಂಬಿಸಿದ್ರ ಉಳಿತಾಯ ಅಂತೀರೇನ್ರಿ?"

"ಲೆಕ್ಕ ಓದಿದ ಹುಡುಗಿ ಮನ್ಯಾಗ ಐತಲ್ಲ, ಕೇಳೂಣು."

ತುಂಬುವುದು ಅಗ್ಗವಾದರೆ ಕೋಣೆ ಕಾಕಾದು, ಕೊಳ್ಳುವುದು ಅಗ್ಗವಾದರೆ ಕಾಕುದು ಎಂದು ತೀರ್ಮಾನವಾಯಿತು. ಗಂಡ ಹೆಂಡಿರ ನಡುವೆ ಬಾಡಿಗೆಯವಳು ಕೂರಬಾರದೆಂದು ನಾನು ಸುಮ್ಮನಿದ್ದೆ. ನಾನು ಯಾವಾಗಲೂ ಸುಮ್ಮನಿರುವುದರಿಂದ ಅದನ್ನು ಒಪ್ಪಿಗೆ ಎಂದುಕೊಂಡರು.

ಲೆಕ್ಕ ಮುಗಿಯುವ ಮೊದಲೇ ಜೋಳದ ಪ್ರಕರಣ ನಡೆಯಿತು. ತೋಟಾಗಳಿಗೆ ಹೊಳಪು ಕೊಡಲು ಕಾಕಾ ಒಂದು ತಿರುಗುವ ಡಬ್ಬಿ ಇಟ್ಟಿದ್ದರು. ಅದರೊಳಗೆ ಅಕ್ರೋಟದ ಚಿಪ್ಪಿನ ತರಿ ಹಾಕಬೇಕು. ತರಿ ಮುಗಿದಿತ್ತು, ಅಂಗಡಿ ಮುಚ್ಚಿತ್ತು. ಕಾಕಾ ಯೋಚಿಸಿ, ಕಾಕು ವಿಜಯಪುರದಿಂದ ಹೊತ್ತು ತಂದಿದ್ದ ಬಿಳಿಜೋಳ ಸುರಿದರು. ಹಿತ್ತಾಳೆ ದೇವರ ದೀಪದ ಹಾಗೆ ಹೊಳೆಯಿತು. ಕಾಳುಗಳು ಮಾತ್ರ ತೋಟಾದ ಕುತ್ತಿಗೆಯಲ್ಲಿ ಸಿಕ್ಕಿಕೊಂಡವು. ಸೂಜಿಯಿಂದ ಒಂದೊಂದನ್ನೇ ಕೀಳುತ್ತಿದ್ದಾಗ ಕಾಕು ಬಾಗಿಲಲ್ಲಿ ನಿಂತಿದ್ದರು.

"ತೊಳದು ಬೀಸಾಕ ಬರ್ತೈತೇನ್ರಿ?"

"ಬರೂದಿಲ್ಲ. ಸೀಸ ಹತ್ತಿರತೈತಿ."

ಕಾಕು ಕೂಗಾಡಲಿಲ್ಲ. ನನ್ನ ಕಡೆ ತಿರುಗಿ, "ಈ ಜೋಳಾನೂ ಲೆಕ್ಕದಾಗ ಹಿಡಿಯವಾ," ಎಂದರು.

"ಯಾವ ಬೆಲೆ ಹಾಕಲಿ ಕಾಕು?"

"ಊರಿಗೆ ಹೋಗಿಬರೋ ವಿಮಾನದ ಟಿಕೀಟು ಹಾಕು. ಆ ವಿಮಾನನೂ ಇಲ್ಲ ಈಗ."

ನಾನು ಆಮ್‌ಸ್ಟರ್‌ಡ್ಯಾಮಿನ ಅಂಗಡಿಯ ಬೆಲೆ ಹಾಕಿದೆ. ಜೋಳ ಬಿಟ್ಟರೂ ಫಲಿತಾಂಶ ಬದಲಾಗುತ್ತಿರಲಿಲ್ಲ. ಭಾನುವಾರದ ಊಟದ ಹೊತ್ತಿಗೆ ಹೇಳಿದೆ: ಒಂದೊಂದೇ ಗುಂಡು ನೋಡಿದರೆ ಕಾಕಾ ಹೇಳಿದ್ದು ನಿಜ. ಯಂತ್ರ, ತಕ್ಕಡಿ, ತಿರುಗುವ ಡಬ್ಬಿಗಳ ಬೆಲೆ ಸೇರಿಸಿದರೆ, ಅದು ವಸೂಲಾಗುವಾಗ ಕಾಕಾಗೆ ತೊಂಬತ್ತು ದಾಟಿರುತ್ತದೆ.

ಕಾಕಾ ರೊಟ್ಟಿ ಮುರಿಯುತ್ತ, "ನೋಡಿದ್ಯಾ? ತೊಂಬತ್ತರ ಗ್ಯಾರಂಟಿ ಕೊಟ್ಟಾಳ," ಎಂದರು ಹೆಂಡತಿಗೆ.

ಆದರೆ ಮಾತಿಗೆ ತಪ್ಪಲಿಲ್ಲ. ಮರುದಿನ ಯಂತ್ರ ಬಿಚ್ಚಿ ಎಣ್ಣೆ ಹಚ್ಚಿದ ಬಟ್ಟೆಯಲ್ಲಿ ಸುತ್ತಿಟ್ಟರು. ಕಾಕು ಲ್ಯಾಪ್‌ಟಾಪ್ ಸಮೇತ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆಮೇಲಿನ ವಾರಗಳಲ್ಲಿ ಕಾಕಾ ಸೋರದ ನಲ್ಲಿಯನ್ನು ಸೋರುವ ತನಕ ಬಿಗಿದರು. ನನ್ನ ತಿರುಗುವ ಕುರ್ಚಿಯನ್ನು ದುರಸ್ತಿ ಮಾಡಿ ತಿರುಗದಂತೆ ಮಾಡಿದರು. ಒಂದು ಮಧ್ಯಾಹ್ನ ಹಿತ್ತಲಲ್ಲಿ ನಿಂತು ಆಕಾಶ ನೋಡುತ್ತಿದ್ದರು. ವಿಮಾನವೇನೂ ಇರಲಿಲ್ಲ. ಮೂವತ್ತು ವರ್ಷ ಕೈಗೆ ಕೆಲಸವಿದ್ದ ಮನುಷ್ಯನಿಗೆ ಸ್ವಂತ ಮನೆಯಲ್ಲಿ ಕೂರಲು ಜಾಗವಿಲ್ಲದಂತಾಗಿತ್ತು. ನನ್ನ ಲೆಕ್ಕ ಸರಿಯಾಗಿತ್ತು. ಅದು ನನಗೆ ಅಷ್ಟೇನೂ ಸಮಾಧಾನ ಕೊಡಲಿಲ್ಲ.

ಕ್ಲಬ್ಬು ಮತ್ತೆ ತೆರೆದ ವಾರ ಕಾಕಾ ಗುಂಡು ಕೊಳ್ಳಲು ಹೋಗಿ ಬರಿಗೈಯಲ್ಲಿ ಬಂದರು. ಸೀದಾ ಅಟ್ಟದ ಮೆಟ್ಟಿಲು ಹತ್ತಿ, ಮಾಸ್ಕನ್ನು ಗಲ್ಲಕ್ಕಿಳಿಸಿ, ಉಸಿರು ಸುಧಾರಿಸಿಕೊಂಡು ಕೇಳಿದರು: "ಅಂಗಡಿ ಗುಂಡಿನ ರೇಟು ಎಷ್ಟು ಹಾಕಿದ್ದಿ?"

ಹೇಳಿದೆ.

"ಆ ರೇಟಿಗೆ ಗುಂಡು ಇಲ್ಲ. ಯಾವ ರೇಟಿಗೂ ಇಲ್ಲ. ಯಾವಾಗ ಬರ್ತೈತಿ ಅಂತ ಅಂಗಡಿಯವಂಗೂ ಗೊತ್ತಿಲ್ಲ. ಹುಡುಗಿ, ನಿನ್ನ ಲೆಕ್ಕದಾಗ ಅಂಗಡ್ಯಾಗ ಮಾಲು ಯಾವಾಗಲೂ ಇರತೈತಿ ಅಂತ ಹಿಡದಿ. ಹಂಗಂತ ಯಾರು ಹೇಳ್ಯಾರ ನಿನಗ?"

ಯಾರೂ ಹೇಳಿರಲಿಲ್ಲ. ಗೋಡೆಗೆ ಅಂಟಿಸಿದ್ದ ನನ್ನ ಪ್ರಬಂಧದ ಮೂರನೆಯ ಅಧ್ಯಾಯದ ಚಿತ್ರದತ್ತ ನೋಡಿದೆ. ಅಲ್ಲಿಯೂ ಮಾಲು ಯಾವಾಗಲೂ ಇರುತ್ತಿತ್ತು.

ಕೆಳಗಿಳಿದು, ಕೊಳ್ಳಲು ಗುಂಡೇ ಸಿಗದಿದ್ದರೆ ಹಳೆಯ ಲೆಕ್ಕ ನಿಲ್ಲುವುದಿಲ್ಲವೆಂದು ಕಾಕು ಮುಂದೆ ತೀರ್ಪು ತಿದ್ದಿದೆ.

"ನೀ ಯಾರ ಕಡೆ?" ಎಂದರು ಕಾಕು.

"ಲೆಕ್ಕದ ಕಡೆ."

"ಹಂಗಾದ್ರ ಅರ್ಧ ಖೋಲಿ ಅವರಿಗೆ, ಅರ್ಧ ನನಗ. ಮೀಟಿಂಗ್ ನಡದಾಗ ಟಕ್ ಅನ್ನಬಾರದು."

ಹಸಿರು ಯಂತ್ರವನ್ನು ಕಾಕಾ ಅವರ ಬೆನ್ನ ಹಿಂದೆಯೇ ಮತ್ತೆ ಬಿಗಿದರು. ವಿಡಿಯೊ ಮೀಟಿಂಗಿನಲ್ಲಿ ಅದೇನೆಂದು ಡಚ್ ಸಹೋದ್ಯೋಗಿಯೊಬ್ಬಳು ಕೇಳಿದಾಗ ಕಾಕು ತಡವರಿಸದೆ ಶಾವಿಗೆ ಒತ್ತುವುದು ಎಂದರು. ಅವಳು ಶಾವಿಗೆ ಮಾಡುವ ವಿಧಾನ ಕೇಳಿದಳು, ಕಾಕು ಅದನ್ನೂ ವಿವರಿಸಿದರು. ಮೇಜಿನ ಕೆಳಗೆ ಬಗ್ಗಿ ಕುಳಿತಿದ್ದ ಕಾಕಾ, ಹಿಟ್ಟು ಚೆನ್ನಾಗಿ ನಾದಬೇಕೆಂದು ಪಿಸುಗುಟ್ಟಿದರು.

ಮೂರನೆಯ ಅಧ್ಯಾಯವನ್ನು ನಾನು ಮೊದಲಿನಿಂದ ಬರೆದೆ, ಮಾಲು ಇಲ್ಲದ ದಿನಗಳನ್ನೂ ಹಿಡಿದು. ಪ್ರಬಂಧದಲ್ಲಿ ಜನ ಮೆಚ್ಚಿದ್ದು ಅದೊಂದನ್ನೇ. ಆ ಅಧ್ಯಾಯಕ್ಕೆ ನಾನು ಕಾಕಾಗೆ ಋಣಿ. ಇದನ್ನು ಬಾಯಿಬಿಟ್ಟು ಹೇಳುವುದು ನನಗೆ ಕಷ್ಟವಾದ್ದರಿಂದ, ಇಲ್ಲಿನ ರೂಢಿಯಂತೆ ಪುಸ್ತಕವಾಗಿ ಅಚ್ಚಾದ ಪ್ರಬಂಧದ ಮೊದಲ ಪ್ರತಿಯನ್ನು ಅವರ ಬಳಿ ತೆಗೆದುಕೊಂಡು ಹೋದೆ.

ಕಾಕಾ ಪುಸ್ತಕವನ್ನು ಕೈಯಲ್ಲಿ ತೂಗಿದರು. ಬೆನ್ನು ಒತ್ತಿ ನೋಡಿದರು, ಹೊಲಿಗೆ ಎಳೆದು ನೋಡಿದರು. ಕಣ್ಣು ಒರೆಸಿಕೊಂಡರೋ ಏನೋ, ಮುಖ ಆ ಕಡೆ ಇತ್ತು.

"ಅಚ್ಚು ಹಾಕಿಸಾಕ ಎಷ್ಟು ಕೊಟ್ಟಿ?"

ಹೇಳಿದೆ.

"ಮೋಸ! ಮನ್ಯಾಗ ಅರ್ಧ ರೇಟಿಗೆ ಆಗ್ತಿತ್ತು. ಒಂದು ಸಣ್ಣ ಮಶೀನು ತಂದ್ರ..."

"ತರಬ್ಯಾಡ್ರಿ!" ಎಂದು ಕೋಣೆಯೊಳಗಿನಿಂದ ಕಾಕು ಕೂಗಿದರು.