ಚಾಳಿಗೆಲ್ಲ ಒಂದೇ ವಾಟಗ

ನಯಾ ಪೈಸೆ ಬಂದು ಕೆಲವು ವರ್ಷಗಳಾಗಿದ್ದವು. ನಾನು ಕಾಮರ್ಸ್ ಓದುತ್ತಿದ್ದೆ, ಅಂದರೆ ಜಗತ್ತಿನಲ್ಲಿ ನನಗೆ ತಿಳಿಯದ್ದು ಬಹಳ ಉಳಿದಿರಲಿಲ್ಲ. ಹಲವು ದೇಶಗಳು ಕೂಡಿ ಒಂದೇ ನಾಣ್ಯ ಚಲಾಯಿಸಿದರೆ ವ್ಯವಹಾರ ಎಷ್ಟು ಸಲೀಸು ಎಂದು ಪ್ರಾಧ್ಯಾಪಕರು ಒಂದು ದಿನ ಹೇಳಿದರು. ಅದರ ತೊಂದರೆಗಳನ್ನು ಮರುದಿನ ಹೇಳಿದರಂತೆ. ಅಂದು ನಾನು ತರಗತಿಗೆ ಹೋಗಿರಲಿಲ್ಲ, ಮನೆಯಲ್ಲೇ ಸುಧಾರಣೆ ಶುರು ಮಾಡಿದ್ದೆ.

ಹಳೇ ಹುಬ್ಬಳ್ಳಿಯ ನಮ್ಮ ಚಾಳಿನಲ್ಲಿ ನಾಲ್ಕು ಮನೆ. ತಿಂಗಳ ಕೊನೆಗೆ ಹೆಂಗಸರು ಒಬ್ಬರಿಗೊಬ್ಬರು ಸಕ್ಕರೆ ಕಡ ಕೊಡುತ್ತಿದ್ದರು. ಅಳೆಯುವ ಬಟ್ಟಲು, ಅಂದರೆ ವಾಟಗ, ಒಂದೊಂದು ಮನೆಯದು ಒಂದೊಂದು ಅಳತೆಯದು. ಇದೆಂಥ ಅರಾಜಕತೆ ಎಂದು ನನಗೆ ಸಿಟ್ಟು ಬಂತು. ಪೇಟೆಯಿಂದ ಹಿಡಿಯಿದ್ದ ಹಿತ್ತಾಳೆಯ ವಾಟಗವೊಂದನ್ನು ತಂದು, ಇನ್ನು ಮುಂದೆ ತರುವುದೂ ಕೊಡುವುದೂ ಇದರಲ್ಲೇ ಎಂದು ಸಾರಿದೆ. ಅದು ಯಾರ ಮನೆಯಲ್ಲಿರಬೇಕು ಎಂಬುದಕ್ಕೇ ಜಗಳ. ಚಾಳಿನ ಮಾಲೀಕರ ಹೆಂಡತಿ ತಮ್ಮ ಮನೆಯಲ್ಲೇ ಎಂದರು, ಮೂಲೆಮನೆಯವರು ಮಾತು ಬಿಟ್ಟರು. ಕೊನೆಗೆ ನಳದ ಪಕ್ಕದ ಗೂಟಕ್ಕೆ ತೂಗುಹಾಕಿದೆ. ತುಂಬಿದ ಮೇಲೆ ಚಾಕುವಿನಿಂದ ನೆತ್ತಿ ಸವರಬೇಕೆಂಬ ನಿಯಮವೂ ನನ್ನದೇ.

ತಿಂಗಳ ಕೊನೆ ಬಂತು. ಅವ್ವ ಕೊಟ್ಟ ಚಹಾದಲ್ಲಿ ಸಕ್ಕರೆಯೇ ಇಲ್ಲ.

“ಸಕ್ಕರಿ ಯಾಕ ತಂದಿಲ್ಲಬೇ?” ಎಂದೆ.

“ನಿನ್ನ ವಾಟಗದಾಗ ತಂದ್ರ ಅಷ್ಟೂ ತಿರುಗಿ ಕೊಡಬೇಕಲ್ಲೋ,” ಎಂದಳು.

ಅಡಿಗೆಮನೆಯ ಹಲಗೆಯ ಮೇಲೆ ನಮ್ಮವೇ ಎರಡು ವಾಟಗಗಳಿದ್ದವು. ತರುವಾಗ ಅವ್ವ ದೊಡ್ಡದನ್ನು ಒಯ್ಯುತ್ತಿದ್ದಳು, ತಿರುಗಿ ಕೊಡುವಾಗ ಸಣ್ಣದನ್ನು. ಅಪ್ಪನ ಪಗಾರದಲ್ಲಿ ನನ್ನ ಕಾಲೇಜಿನ ಫೀ ಕಳೆದ ಮೇಲೆ ಮನೆ ನಡೆಯುತ್ತಿದ್ದದ್ದು ಇಂಥ ಅಂತರಗಳಲ್ಲೇ. ಮಹಾ ಅರ್ಥಶಾಸ್ತ್ರಜ್ಞ ನಾನು, ಸ್ವಂತ ಒಲೆಗೇ ನೀರು ಹೊಯ್ದಿದ್ದೆ. ತುಂಬ ನಾಚಿಕೆಯಾಯಿತು.

ಅಂದೇ ಹೋಗಿ ಗೂಟದಿಂದ ಹಿತ್ತಾಳೆಯ ವಾಟಗ ಇಳಿಸಿದೆ. ಅದನ್ನು ಕಂಡ ಮಾಲೀಕರ ಹೆಂಡತಿ ಸೀದಾ ಅವ್ವನ ಹತ್ತಿರ ಬಂದರು.

“ಛಲೋ ಆತ್ರಿ ಅಕ್ಕಾರ. ಇನ್ನ ಮೊದಲಿನಂಗ ನಿಮ್ಮ ದೊಡ್ಡ ವಾಟಗಾನ ತೊಗೊಂಡು ಬರ್ರಿ. ಸಣ್ಣದ್ರಾಗ ತಿರುಗಿ ಕೊಟ್ರೂ ನಡೀತದ. ಇಷ್ಟು ದಿನ ನಾವ್ಯಾರರ ಏನರ ಅಂದೇವೇನ್ರಿ?”

ಪ್ರೀತಿಯಿಂದಲೇ ಹೇಳಿದರು. ಅವ್ವ ತಲೆ ಎತ್ತಲಿಲ್ಲ.

“ನಿಮಗೆಲ್ಲಾರಿಗೂ ಗೊತ್ತಿತ್ತೇನ್ರಿ?” ಎಂದಳು.

ಆಮೇಲೆ ನನಗೆ ನೌಕರಿ ಸಿಗುವವರೆಗೂ ಅವಳು ಸಕ್ಕರೆಗೆಂದು ಯಾರ ಬಾಗಿಲಿಗೂ ಹೋಗಲಿಲ್ಲ. ತಿಂಗಳ ಕೊನೆಗೆ ಬೆಲ್ಲದ ಚಹಾ ಮಾಡುತ್ತಿದ್ದಳು. ಇದೇ ರುಚಿ ಎಂದು ನಾನು ಹೊಗಳುತ್ತಿದ್ದೆ. ಅವ್ವ ಒಮ್ಮೆಯೂ ನಗಲಿಲ್ಲ.